ತಾನೇ ಬಿಚ್ಚಿಕೊಂಡ ಗಂಟು

ಕುಣಿಗಲ್ ಬಸ್ಸಿಳಿದು ಬಂದ ಶೃತಿ ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಕೈ ಮುಗಿದು, "ಅಕ್ಕಾ, ನಾನೆಲ್ಲಿ ಕೂತ್ಕೊಳ್ಲಿ?" ಎಂದು ಕೇಳಿದಾಗ ಮಂಗಳಗೌರಿಗೆ ಅವಳ ಮೇಲೆ ಅಕ್ಕರೆಯೇ ಹುಟ್ಟಿತ್ತು. ಹೊಟ್ಟೆಕಿಚ್ಚು ಮೊದಲ ದಿನವೇ ಬಾಗಿಲು ತಟ್ಟಿಕೊಂಡು ಬರುವುದಿಲ್ಲ. ಇಟ್ಟ ಹಾಲು ಹುಳಿಯಾಗುವಂತೆ, ಯಾವ ಗಳಿಗೆಯಲ್ಲಿ ಎಂದು ಗೊತ್ತಾಗದ ಹಾಗೆ ಬರುತ್ತದೆ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ತುಮಕೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹನುಮಂತರಾಜುವಿನ ಡಿ.ಟಿ.ಪಿ. ಅಂಗಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದರೆ ಮರಿ ಕಳಕೊಂಡ ಹಕ್ಕಿಯಂತೆ ಕೂಗುವ ಒಂದು ಯುಪಿಎಸ್. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಹೀಗೆ ಊರಿನವರ ಸುಖ ದುಃಖವೆಲ್ಲ ನೆಂಟರಿಗಿಂತ ಮುಂಚೆ ಮಂಗಳಗೌರಿಯ ಬೆರಳಿಗೆ ತಿಳಿಯುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಅದೇ ಕುರ್ಚಿಯಲ್ಲಿ ಕೂತವಳು.

ಆ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಕಾಗದ ಬರೆಯುವವರು ತಲೆಯ ಮೇಲೆ 'ಶ್ರೀ' ಎಂದು ಬರೆದು ಶುರು ಮಾಡುತ್ತಾರಲ್ಲ, ಹಾಗೆಯೇ ಇವರು ಹೊಸ ಕಂಪ್ಯೂಟರಿಗೆ ಕುಂಕುಮವಿಟ್ಟು, ಕಾಯಿ ಒಡೆದು, ಮೊದಲು ಮಾಡುವ ಫೋಲ್ಡರಿಗೆ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದೇ ಹೆಸರಿಡುತ್ತಿದ್ದರು. ಡಿ ಡ್ರೈವಿನಲ್ಲಿ ಶ್ರೀ, ಅದರೊಳಗೆ ಒಂದು, ಎರಡು, ಮೂರು ಎಂದು ಫೈಲುಗಳು. ತುಮಕೂರಾಗಲಿ, ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ಯಾವ ಅಂಗಡಿಗೆ ಹೋದರೂ ಇದೇ ಕ್ರಮ. ಒಳ್ಳೆಯ ಕೆಲಸ ಅಲ್ಲಿಂದಲೇ ಹೊರಡಬೇಕೆಂಬ ನಂಬಿಕೆ.

ಮಂಗಳಗೌರಿಯ ಶ್ರೀ ಫೋಲ್ಡರಿನಲ್ಲಿ ಆ ವರ್ಷ ಇದ್ದದ್ದು ಕಾಳಯ್ಯ ಮೇಷ್ಟ್ರ ಕಾವ್ಯ.

ಕಾಳಯ್ಯನವರು ಗುಬ್ಬಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಶ್ರಾವಣ ಬಂತೆಂದರೆ ಗುಡಿಯ ಅಂಗಳದಲ್ಲಿ ಅವರ ಪುರಾಣವಾಚನ. ಮಂಗಳಗೌರಿ ಹುಟ್ಟಿದ್ದು ಅದೇ ಊರಿನಲ್ಲಿ. ಅಜ್ಜಿಯ ಸೆರಗಿನಡಿ ಕೂತು, ಅರ್ಥವಾಗದ ಪದ್ಯವನ್ನೂ ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡು ಬೆಳೆದವಳು. ಆದರೆ ಅವಳಿಗೆ ರಾಗ ಒಲಿಯಲಿಲ್ಲ. ಬಾಯಿ ತೆರೆದರೆ ಪದ್ಯವೂ ದಿನಸಿ ಚೀಟಿ ಓದಿದಂತೆ ಕೇಳುತ್ತಿತ್ತು. ದೇವರು ತನಗೆ ಕೊರಳು ಕೊಡಲಿಲ್ಲ, ಕಿವಿ ಕೊಟ್ಟ ಎಂದು ಅವಳು ಎಂದೋ ಸಮಾಧಾನ ಮಾಡಿಕೊಂಡಿದ್ದಳು.

ಗುಬ್ಬಿಯಲ್ಲಿ ಹಿಂದಿನಿಂದ ಹೇಳುವ ಕಥೆಯೊಂದಿದೆ. ಪುರಾಣ ಕೇಳಲು ಎರಡು ಗುಬ್ಬಿಗಳು ದಿನಾ ಬರುತ್ತಿದ್ದವಂತೆ, ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವಂತೆ. ಆ ಎರಡು ಹಕ್ಕಿಯ ಕಥೆಯನ್ನು ಮೇಷ್ಟ್ರು ಏಳು ಸಂಧಿಯ ಷಟ್ಪದಿ ಕಾವ್ಯ ಮಾಡುತ್ತಿದ್ದರು. ಕಣ್ಣು ಹೋಗಿ ಐದು ವರ್ಷವಾಗಿತ್ತು, ಹಾಗಾಗಿ ಹಸ್ತಪ್ರತಿ ಎಂಬುದಿಲ್ಲ. ಪದ್ಯಗಳು ತಲೆಯಲ್ಲೇ ಹುಟ್ಟಿ ತಲೆಯಲ್ಲೇ ಇರುತ್ತಿದ್ದವು. ಶನಿವಾರ ಮಧ್ಯಾಹ್ನ ಸೊಸೆ ಶಿವರುದ್ರಮ್ಮನ ಕೈ ಹಿಡಿದು ಬಸ್ಸಿನಲ್ಲಿ ತುಮಕೂರಿಗೆ ಬಂದು, ಅಂಗಡಿಯಲ್ಲಿ ಕೂತು ಅವರು ಹೇಳುವುದು, ಮಂಗಳಗೌರಿ ಕೇಳುತ್ತ ಟೈಪು ಮಾಡುವುದು. ಸೊಸೆ ಅಷ್ಟರಲ್ಲಿ ಪೇಟೆ ಸುತ್ತಿ ಬರುತ್ತಿದ್ದಳು.

"ಒಂದು ಟೇಪ್ ರೆಕಾರ್ಡರ್ ಇಟ್ಕೊಳಿ ಮೇಷ್ಟ್ರೇ" ಎಂದು ಹನುಮಂತರಾಜು ಒಮ್ಮೆ ಹೇಳಿದ್ದ.

"ಅದು ಹೂಂ ಅನ್ನಲ್ಲ ಕಣಯ್ಯ. ಹೂಂ ಅನ್ನದವರ ಮುಂದೆ ನನಗೆ ಪದ ಹೊರಡಲ್ಲ. ನಮ್ಮ ಗೌರಿ ಹೂಂ ಅಂತಾಳೆ ನೋಡು, ಸರಿಯಾದ ಜಾಗದಲ್ಲಿ ಅಂತಾಳೆ."

ಈ ಒಂದು ಮಾತು ಮಂಗಳಗೌರಿಗೆ ಎಷ್ಟೋ ತಿಂಗಳ ಊಟವಾಗಿತ್ತು.

ಐದನೇ ಸಂಧಿ ನಡೆಯುತ್ತಿದ್ದ ಒಂದು ಶನಿವಾರ ಆ ಊಟಕ್ಕೆ ಕಲ್ಲು ಬಿತ್ತು. ಮೇಷ್ಟ್ರು ಒಂದು ಪದ್ಯದ ಮೂರು ಸಾಲು ಹೇಳಿ ಉಸಿರು ತೆಗೆದುಕೊಳ್ಳುತ್ತಿದ್ದರು. ಪಕ್ಕದ ಕಂಪ್ಯೂಟರಿನಲ್ಲಿ ವಿಸಿಟಿಂಗ್ ಕಾರ್ಡು ಮಾಡುತ್ತಿದ್ದ ಶೃತಿ ತನಗೇ ಅರಿವಿಲ್ಲದೆ ಆ ಸಾಲುಗಳನ್ನು ಗುನುಗಿದಳು.

ಮೇಷ್ಟ್ರು ಕತ್ತು ತಿರುಗಿಸಿದರು. "ಯಾರದು?"

"ನಾನು ಸಾರ್, ಶೃತಿ. ತಪ್ಪಾಯ್ತು ಸಾರ್."

"ಏನ್ ತಪ್ಪು? ಇನ್ನೊಂದು ಸಲ ಹೇಳು. ಗಂಟಲು ಬಿಟ್ಟು ಹೇಳು."

ಹುಡುಗಿ ಹೇಳಿದಳು. ಇಪ್ಪತ್ತರ ಕೊರಳು. ಬಾಗಿಲಲ್ಲಿ ಕಾದಿದ್ದ ಗಿರಾಕಿ ಕೂಡ ಬೀಡಿ ಆರಿಸಿದ. ಮೇಷ್ಟ್ರು ಕುರುಡುಗಣ್ಣನ್ನು ಟವೆಲಿನಲ್ಲಿ ಒರೆಸಿಕೊಂಡು, "ಗೌರೀ, ಈ ಮಗೂನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದರು.

ಮಂಗಳಗೌರಿ ನಕ್ಕಳು. ನಗುತ್ತ ನಗುತ್ತಲೇ ಒಳಗೆ ಯಾರೋ ಒಲೆಗೆ ಊದುಗೊಳವೆ ಹಿಡಿದಂತಾಯಿತು. ಮೇಷ್ಟ್ರು ಹೇಳುತ್ತಲೇ ಹೋದರು, ಶೃತಿ ಹಾಡುತ್ತಲೇ ಹೋದಳು, ಇವಳ ಹೂಂ ಯಾರಿಗೂ ಬೇಕಾಗಲಿಲ್ಲ. ಬೆರಳು ಮಾತ್ರ ತನ್ನ ಪಾಡಿಗೆ ಕೀಲಿಮಣೆಯ ಮೇಲೆ ಓಡುತ್ತಿತ್ತು.

ಅವತ್ತು ಸಂಜೆ ಶೃತಿಗೆ, "ಇನ್ಮೇಲೆ ನಾನು ಟೈಪ್ ಮಾಡೋವಾಗ ಬಾಯಿ ಹಾಕ್ಬೇಡ ಕಣೇ. ತಪ್ಪು ಬೀಳುತ್ತೆ" ಎಂದಳು.

"ಆಯ್ತಕ್ಕ" ಎಂದಿತು ಹುಡುಗಿ. ಅದರ ಮುಖ ಚಿಕ್ಕದಾಯಿತು. ಆಮೇಲೆ ಶನಿವಾರಗಳಲ್ಲಿ ತುಟಿ ಬಿಚ್ಚಲಿಲ್ಲ. ಮೇಷ್ಟ್ರು ಕೇಳಿದರೆ, "ಕೆಲಸ ಇದೆ ಸಾರ್" ಅನ್ನುತ್ತಿದ್ದಳು.

ಬಾಯಿ ಮುಚ್ಚಿಸಿದರೆ ಕಿಚ್ಚು ಆರುತ್ತದೆಯೆ? ಕ್ಯಾತ್ಸಂದ್ರದ ಪಾರ್ಟಿಯವರು ಬಂದು, "ಹೋದ್ಸಲ ಬಾರ್ಡರ್ ಹಾಕಿದ್ರಲ್ಲ, ಆ ಹುಡುಗಿ ಕೈಯಲ್ಲೇ ಮಾಡಿಸಿ" ಎಂದರು. ಹನುಮಂತರಾಜು, "ಕಾವ್ಯದ ಫೈಲು ಶೃತಿ ಕಂಪ್ಯೂಟರ್‌ಗೂ ಒಂದು ಕಾಪಿ ಹಾಕಿಡಿ ಮಂಗಳಮ್ಮ, ಒಂದೇ ಕಡೆ ಇರ್ಬಾರ್ದು" ಎಂದು ಎರಡು ಸಲ ಹೇಳಿದ. ಎರಡು ಸಲವೂ ಮಂಗಳಗೌರಿ ಹಾಕ್ತೀನಿ ಎಂದಳು. ಹಾಕಲಿಲ್ಲ. ಮೇಷ್ಟ್ರ ಪದ್ಯ ಆ ಹುಡುಗಿಯ ಕಂಪ್ಯೂಟರಿಗೆ ಕಾಲಿಡುವುದು ಅವಳಿಗೆ ಬೇಕಿರಲಿಲ್ಲ. ಕೊನೆಗೊಂದು ಗುರುವಾರ ಹನುಮಂತರಾಜು, "ಪುಸ್ತಕದ ಮುಖಪುಟ ಶೃತಿ ಮಾಡ್ಲಿ. ಅವಳ ಡಿಸೈನು ಚೆನ್ನಾಗಿರುತ್ತೆ" ಎಂದುಬಿಟ್ಟ.

ಐದು ಮೂಟೆ ಹೊತ್ತವಳು ಆರನೆಯದಕ್ಕೆ ಕುಸಿದಳು ಅನ್ನುತ್ತಾರಲ್ಲ, ಹಾಗಾಯಿತು. ಒಂದು ವರ್ಷ ಕಿವಿ ತೆತ್ತವಳು ತಾನು. ಮುಖ ಬರೆಯುವವಳು ಅವಳು!

ಅದೇ ದಿನ ಶೃತಿ ಕುಣಿಗಲ್ಲಿನಿಂದ ಒಂದು ಸಿ.ಡಿ. ತಂದಿದ್ದಳು. ಅಲ್ಲಿ ತಿಪ್ಪಯ್ಯ ಎಂಬವನು ತನ್ನ ಡಿ.ಟಿ.ಪಿ. ಅಂಗಡಿ ಮುಚ್ಚುವಾಗ, "ಇದರಲ್ಲಿ ಹಕ್ಕಿ, ಹೂವು, ಬಾರ್ಡರ್ ಎಲ್ಲಾ ಇದಾವೆ ತಗೊಳಮ್ಮ" ಎಂದು ಕೊಟ್ಟನಂತೆ. ಸಿ.ಡಿ.ಯಲ್ಲಿ ಇದ್ದದ್ದು ಒಂದೇ ಫೈಲು. ಹತ್ತಾರು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಎರಡು ಸಲ ಕ್ಲಿಕ್ ಮಾಡಿದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದು.

"ಇದನ್ನ ಈಗಲೇ ತೆಗೀಬೇಡಿ ಅಕ್ಕ" ಎಂದಳು ಶೃತಿ. "ಒಳಗೇನಿದೆ ಅಂತ ನಂಗೂ ಗೊತ್ತಿಲ್ಲ. ಸೋಮವಾರ ದಯಾನಂದಣ್ಣ ಬರ್ತಾರಲ್ಲ, ತೋರಿಸಿ ತೆಗಿಯೋಣ."

ದಯಾನಂದ ಕಂಪ್ಯೂಟರ್ ರಿಪೇರಿಯವನು. ಶೆಟ್ಟಿಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುವವನು. ಹುಡುಗಿ ಹೇಳಿದ್ದು ನ್ಯಾಯವಾದ ಮಾತೇ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಂಗಳಗೌರಿಗೆ ಕೇಳಿಸಿದ್ದೇ ಬೇರೆ. ಬಚ್ಚಿಡುತ್ತಿದ್ದಾಳೆ. ಸೋಮವಾರದವರೆಗೆ ಯಾರಿಗೂ ತೋರಿಸದೆ, ಒಳ್ಳೆಯ ಹಕ್ಕಿ ಹುಡುಕಿ, ಮುಖಪುಟ ಮಾಡಿ ಮೇಷ್ಟ್ರ ಮನೆಯವರಿಂದ ಹೊಗಳಿಸಿಕೊಳ್ಳುವ ಹೂಟ.

ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ. ಹನುಮಂತರಾಜು ಪೇಪರು ತರಲು ಹೋಗಿದ್ದ. ಶೃತಿ ಡಬ್ಬಿ ತೊಳೆಯಲು ಹಿಂದಿನ ನಲ್ಲಿಗೆ ಹೋದಳು. ಮಂಗಳಗೌರಿ ಅವಳ ಮೇಜಿನಿಂದ ಸಿ.ಡಿ. ತೆಗೆದು ತನ್ನ ಕಂಪ್ಯೂಟರಿಗೆ ಹಾಕಿದಳು. ನಲವತ್ತು ವರ್ಷದ ಬಾಳಿನಲ್ಲಿ ಇನ್ನೊಬ್ಬರ ಡಬ್ಬಿಯ ಉಪ್ಪಿನಕಾಯಿಗೂ ಕೈ ಹಾಕಿದವಳಲ್ಲ.

ಎರಡು ಸಲ ಕ್ಲಿಕ್ ಮಾಡಿದಳು. ಸಣ್ಣದೊಂದು ಕಿಟಕಿ ತೆರೆಯಿತು. ಎಲ್ಲಿ ಬಿಚ್ಚಲಿ ಎಂದು ಕೇಳಿ, ಉತ್ತರವನ್ನೂ ಅದೇ ಬರೆದುಕೊಂಡಿತ್ತು. ಡಿ ಡ್ರೈವು, ಶ್ರೀ.

ಬೇರೆ ಏನೇ ಬರೆದಿದ್ದರೂ ಅವಳು ನಿಂತು ನೋಡುತ್ತಿದ್ದಳೋ ಏನೋ. ಶ್ರೀ ಎಂದು ಕಂಡದ್ದೇ ಮನಸ್ಸು ಹಗುರವಾಯಿತು. ದೇವರ ಹೆಸರು ಹೇಳಿಕೊಂಡು ಬಂದದ್ದು ಕೆಟ್ಟದ್ದು ಹೇಗಾದೀತು? ಆಗಲಿ ಎಂದು ಒತ್ತಿದಳು. 'ಒಂದು' ಎಂಬ ಫೈಲು ಅಲ್ಲಿ ಆಗಲೇ ಇದೆ, ಅದರ ಮೇಲೆಯೇ ಹಾಕಲೇ ಎಂದು ಇನ್ನೊಂದು ಪ್ರಶ್ನೆ ಬಂತು. ಇಂಥ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಹನ್ನೊಂದು ವರ್ಷದ ಬೆರಳು ಓದುವ ಮೊದಲೇ 'ಎಲ್ಲಕ್ಕೂ ಹೌದು' ಎಂದು ಒತ್ತಿತು.

ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿತು. ಮುಗಿಯಿತು.

ಹಕ್ಕಿ ಹುಡುಕಲು ಫೋಲ್ಡರು ತೆರೆದಳು. ಹಕ್ಕಿಯಿಲ್ಲ, ಹೂವಿಲ್ಲ. ಒಂದು, ಎರಡು, ಮೂರು ಎಂದು ನಲವತ್ತರವರೆಗೆ ಫೈಲುಗಳು. ನಾಲ್ಕನ್ನು ತೆರೆದಳು. ಗುಬ್ಬಿಗಳು ಗೂಡು ಬಿಟ್ಟು ಹೊರಡುವ ನಾಲ್ಕನೇ ಸಂಧಿ ಇರಬೇಕಾದ ಜಾಗದಲ್ಲಿ, ಕುಣಿಗಲ್ಲಿನ ಯಾರದೋ ಗೃಹಪ್ರವೇಶ. 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ.' ಐದನ್ನು ತೆರೆದಳು. ಒಬ್ಬ ಅಜ್ಜಿಯ ತಿಥಿ ಕಾರ್ಡು. ಆರು, ಹಾರ್ಡ್‌ವೇರ್ ಅಂಗಡಿಯ ಬಿಲ್ ಪುಸ್ತಕ.

ಮತ್ತೆ ನಾಲ್ಕನ್ನೇ ತೆರೆದಳು. ಅದೇ ಗೃಹಪ್ರವೇಶ.

ಡಬ್ಬಿ ಹಿಡಿದು ಒಳಗೆ ಬಂದ ಶೃತಿ ಪರದೆ ನೋಡಿದಳು, ಮೇಜಿನ ಮೇಲಿದ್ದ ಸಿ.ಡಿ. ಕವರು ನೋಡಿದಳು, ಮಂಗಳಗೌರಿಯ ಮುಖ ನೋಡಿದಳು. ಹೋಗಿ ದಯಾನಂದನಿಗೆ ಫೋನು ಮಾಡಿದಳು.

ದಯಾನಂದ ಅರ್ಧ ಗಂಟೆಯಲ್ಲಿ ಬಂದ. ಅಷ್ಟರಲ್ಲಿ ಹನುಮಂತರಾಜುವೂ ಬಂದಿದ್ದ. ದಯಾನಂದ ಅದು ಇದು ಒತ್ತಿ ನೋಡಿ ಹಣೆ ಉಜ್ಜಿಕೊಂಡ. "ಅಳಿಸಿದ್ದಾದ್ರೆ ಎತ್ತಬೋದಿತ್ತು ಸಾರ್. ಇದು ಮೇಲೆ ಬರೆದಿರೋದು. ಸಿಗಲ್ಲ."

"ಹೆಂಗಯ್ಯಾ? ಬಾರ್ಡರ್ ಇರೋ ಸಿ.ಡಿ. ನಮ್ಮ ಫೋಲ್ಡರಿಗೇ ಬಂದು ಯಾಕೆ ಕೂತ್ಕೊಂಡ್ತು?"

"ಗಂಟು ಕಟ್ಟಿದವನು ಎಲ್ಲಿ ಬಿಚ್ಕೋ ಅಂತ ಹೇಳಿರ್ತಾನೋ ಅಲ್ಲೇ ಬಿಚ್ಕೊಳುತ್ತೆ ಸಾರ್ ಇದು. ತಿಪ್ಪಯ್ಯ ತನ್ನ ಅಂಗಡಿ ಶ್ರೀ ಫೋಲ್ಡರ್‌ನ ಕಟ್ಟಿಟ್ಕೊಂಡಿದ್ದ. ಯಾವುದೋ ಸಿ.ಡಿ. ಬದಲು ಯಾವುದೋ ಕೊಟ್ಟವ್ನೆ. ಹಜಾರದಲ್ಲಿ ಕೂತ್ಕೊಳಪ್ಪ ಅಂದ್ರೆ ಸೀದಾ ದೇವರಮನೆಗೆ ನುಗ್ಗೋ ನೆಂಟ ಇದ್ದಂಗೆ. ಗುರುತಿಲ್ಲದವರ ಗಂಟು ಅಂದ್ರೆ ಮೊದಲು ಒಳಗಿನ ಪಟ್ಟಿ ನೋಡ್ಬೇಕು. ಬೇರೆ ಖಾಲಿ ಫೋಲ್ಡರ್ ತೋರಿಸಿ ಅಲ್ಲಿ ಬಿಚ್ಚಬೇಕು. ಅದು ಹೇಳಿದ ಕಡೆ ಹೂಂ ಅನ್ಬಾರ್ದು. ವೈರಸ್ ಇರ್ಲಿಲ್ಲ, ಅದೊಂದು ಪುಣ್ಯ."

"ಆ ಕಂಪ್ಯೂಟರಲ್ಲಿ ಕಾಪಿ ಇದೆಯಲ್ಲ?" ಹನುಮಂತರಾಜು ಮಂಗಳಗೌರಿಯ ಕಡೆ ತಿರುಗಿದ. ಅವಳು ನೆಲ ನೋಡಿದಳು. ಅವನ ಸಿಟ್ಟು ಶೃತಿಯ ಮೇಲೆ ಹರಿಯಿತು. "ಯಾವನೋ ಕೊಟ್ಟ ಸಿ.ಡಿ.ನ ಅಂಗಡಿಗೆ ಯಾಕಮ್ಮ ತಂದೆ? ನಿನಗೆ ಬುದ್ಧಿ ಬೇಡ್ವಾ? ಅದನ್ನ ಹಾಕೋ ಅರ್ಜೆಂಟಾದ್ರೂ ಏನಿತ್ತು?"

ಶೃತಿ ತಲೆ ತಗ್ಗಿಸಿದಳು. ಹಾಕಿದ್ದು ನಾನಲ್ಲ ಎನ್ನಲಿಲ್ಲ. ಒಂದು ಸಲ ಮಂಗಳಗೌರಿಯ ಕಡೆ ನೋಡಿ, "ಸಿ.ಡಿ. ನಂದೇ ಸಾರ್" ಎಂದಳು.

ಒಂದು ನಿಮಿಷ ಮಂಗಳಗೌರಿ ಸುಮ್ಮನಿದ್ದಳು. ಸುಳ್ಳೇಕೆ, ಆ ಒಂದು ನಿಮಿಷ ಅವಳಿಗೆ ಹಿತವಾಗಿಯೇ ಇತ್ತು. ಆಮೇಲೆ ಹೊಟ್ಟೆಯೊಳಗೆ ಮತ್ತೆ ಅದೇ ಊದುಗೊಳವೆ. ಕೊರಳಿನಲ್ಲಿ ಮೀರಿಸಿದಳು, ಕೈಚಳಕದಲ್ಲಿ ಮೀರಿಸಿದಳು, ಈಗ ಒಳ್ಳೆಯತನದಲ್ಲೂ ಮೀರಿಸುತ್ತಾಳೆಯೆ? ಅದನ್ನು ಸಹಿಸಲು ಅವಳ ಕೈಲಾಗಲಿಲ್ಲ.

"ಹಾಕಿದ್ದು ನಾನು" ಎಂದಳು. "ಅವಳು ಬೇಡ ಅಂದಿದ್ಲು. ಕೇಳ್ದೆ ಅವಳ ಟೇಬಲ್ಲಿಂದ ತಗೊಂಡೆ. ಕಾಪಿ ಹಾಕದೆ ಇದ್ದವಳೂ ನಾನೇ. ಅವಳನ್ನ ಬೈಬೇಡಿ."

ಹನುಮಂತರಾಜು ಆ ಸಿ.ಡಿ.ಯನ್ನು ಹೊರಗೆ ತೆಗೆದು ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಶನಿವಾರ ಎರಡು ಗಂಟೆಗೆ ಮೇಷ್ಟ್ರು ಬಂದರು. ಮಂಗಳಗೌರಿ ಅವರ ಕಾಲ ಬಳಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಮೊದಲ ಮೂರು ಸಂಧಿಯ ಪ್ರಿಂಟು ಗುಬ್ಬಿಯ ಮನೆಯಲ್ಲಿತ್ತು. ಹೋದದ್ದು ನಾಲ್ಕು, ಐದು, ಆರು. ನೂರ ಐವತ್ತು ಪದ್ಯ.

ಶಿವರುದ್ರಮ್ಮ, "ಅಯ್ಯೋ ಶಿವನೇ! ಒಂದು ವರ್ಷದ ಓಡಾಟ ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತಲ್ಲ ತಾಯಿ" ಎಂದು ಪೇಟೆಯನ್ನೂ ಮರೆತು ಬಾಗಿಲಲ್ಲೇ ಕೂತಳು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಲನ್ನು ಮೊಳಕಾಲ ನಡುವೆ ಇಟ್ಟುಕೊಂಡು, "ಒಂದು ಸಂಗತಿ ಹೇಳ್ತೀನಿ ಗೌರಿ" ಎಂದರು. "ನೀನು ಬರ್ಕೊಂಡೆ ಅಂತ ಆದ್ಮೇಲೆ ನಾನು ಅವನ್ನ ಮರೀತಾ ಬಂದೆ. ವಯಸ್ಸಾದ ತಲೆ, ಹೊಸದಕ್ಕೆ ಜಾಗ ಬೇಕಲ್ಲ. ಎಷ್ಟು ಬರುತ್ತೋ ನೋಡಾಣ. ಕೂತ್ಕೋ."

ಅವಳು ಕೂತಳು. ಹೊಸ ಫೋಲ್ಡರು, ಹೊಸ ಫೈಲು. ಮೇಷ್ಟ್ರು ನಾಲ್ಕನೇ ಸಂಧಿ ಎತ್ತಿಕೊಂಡರು. ಮೊದಲ ಪದ್ಯ ಬಂತು. ಎರಡನೆಯದು ನಾಲ್ಕು ಸಾಲಿಗೆ ನಿಂತಿತು. ಮೂರನೆಯದರ ಮೊದಲ ಪದವನ್ನೇ ಮೂರು ಸಲ ಹೇಳಿದರು. "ಮುಂದೆ... ಮುಂದೆ ಏನೋ ಇತ್ತಲ್ಲಮ್ಮ..." ಎಂದು ಗಾಳಿಯಲ್ಲಿ ಕೈಯಾಡಿಸಿದರು, ಕತ್ತಲ ಕೋಣೆಯಲ್ಲಿ ಅಗುಳಿ ಹುಡುಕುವವರಂತೆ.

ಮಂಗಳಗೌರಿ ನೆನಪಿಸಿಕೊಳ್ಳಲು ನೋಡಿದಳು. ಅರ್ಥ ಬರುತ್ತಿತ್ತು, ಪದ ಬರುತ್ತಿರಲಿಲ್ಲ. ತಾನೂ ಬೆರಳಿಗೆ ಒಪ್ಪಿಸಿ ಮರೆತಿದ್ದಳು. ತಲೆಯೆತ್ತಿದರೆ, ಪಕ್ಕದ ಕುರ್ಚಿಯಲ್ಲಿ ಶೃತಿಯ ತುಟಿ ಅಲುಗುತ್ತಿತ್ತು. ಸದ್ದಿಲ್ಲ. ಆದರೆ ಮೂರನೆಯ ಪದ್ಯ ಪೂರ್ತಿಯಾಗಿ ಅಲ್ಲಿ ನಡೆದುಹೋಗುತ್ತಿತ್ತು. ಬಾಯಿ ಹಾಕಬೇಡ ಎನ್ನುವ ಮೊದಲೂ, ಎಂದ ಮೇಲೂ ಈ ಹುಡುಗಿ ಶನಿವಾರ ಶನಿವಾರ ಎಲ್ಲವನ್ನೂ ರಾಗದಲ್ಲಿ ಕಟ್ಟಿ ಒಳಗಿಟ್ಟುಕೊಂಡಿದ್ದಳು.

ಅದನ್ನು ಕಂಡವಳು ಮಂಗಳಗೌರಿ ಒಬ್ಬಳೇ. ಮೇಷ್ಟ್ರಿಗೆ ಕಣ್ಣಿಲ್ಲ. ಹನುಮಂತರಾಜು ಫೋನಿನಲ್ಲಿದ್ದ. ತಾನು ಕರೆಯದಿದ್ದರೆ ಅವಳಾಗಿ ಬಾಯಿ ತೆರೆಯುವವಳಲ್ಲ. ಕರೆದರೆ, ಕಾವ್ಯ ಅವಳಿಂದ ಉಳಿದ ಹಾಗೆ. ನಾಳೆ ಪುಸ್ತಕದಲ್ಲಿ ಅವಳ ಹೆಸರು, ಸಭೆಯಲ್ಲಿ ಅವಳ ಕೊರಳು. ಮೇಷ್ಟ್ರು ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹೋದರು. ಅದೂ ಬರಲಿಲ್ಲ. "ಹೋಯ್ತು ಬುಡು" ಎಂದರು ಮೆಲ್ಲಗೆ. ಆ 'ಬುಡು' ಮಂಗಳಗೌರಿಯ ಎದೆಗೆ ನೆಟ್ಟಿತು.

"ಶೃತೀ" ಎಂದಳು. "ಬಾರೇ ಇಲ್ಲಿ. ಮೇಷ್ಟ್ರ ಪಕ್ಕ ಕೂತ್ಕೋ. ಗಂಟಲು ಬಿಟ್ಟು ಹೇಳು."

ಹುಡುಗಿ ಹೇಳಿದಳು. ಮಳೆ ನಿಂತ ಮೇಲೆ ಸೂರಿನ ಹನಿ ಬೀಳುವಂತೆ ಮೊದಲು ಒಂದೊಂದೇ, ಆಮೇಲೆ ಧಾರೆ. ಎಲ್ಲಿ ಅವಳು ತಡವರಿಸಿದಳೋ ಅಲ್ಲಿ ಮೇಷ್ಟ್ರಿಗೆ ನೆನಪು ಮರಳುತ್ತಿತ್ತು. ಆ ಶನಿವಾರ, ಮುಂದಿನ ಶನಿವಾರ, ಅದರ ಮುಂದಿನದು. ಮಂಗಳಗೌರಿ ಟೈಪು ಮಾಡಿದಳು. ಪ್ರತಿ ಸಂಜೆ ಶೃತಿಯ ಕಂಪ್ಯೂಟರಿಗೆ ಒಂದು ಕಾಪಿ ಹಾಕಿದಳು, ಹಲ್ಲು ಕಚ್ಚಿ ಹಾಕಿದಳು. "ಭಲೆ ಮಗಾ!" ಎಂದು ಮೇಷ್ಟ್ರು ಶೃತಿಯ ತಲೆ ಸವರಿದಾಗಲೆಲ್ಲ ಅವಳಿಗೆ ಒಂದೆರಡು ಅಕ್ಷರ ತಪ್ಪು ಬೀಳುತ್ತಿತ್ತು. ತಿದ್ದಿಕೊಳ್ಳುತ್ತಿದ್ದಳು.

ಐದನೇ ಸಂಧಿಯ ನಲವತ್ತೊಂದನೇ ಪದ್ಯಕ್ಕೆ ಬಂದಾಗ ಧಾರೆ ನಿಂತಿತು. ಶೃತಿ ಕಣ್ಣು ಮುಚ್ಚಿದಳು, ತೆರೆದಳು. "ಇದು ನೀವು ನನ್ನ ಕೈಲಿ ಮೊದಲ್ನೇ ಸಲ ಹೇಳಿಸಿದ್ದು ಸಾರ್. ಆವತ್ತು ಭಯಕ್ಕೆ ರಾಗ ಒಂದೇ ನೋಡ್ಕೊಂಡೆ. ಪದ ನಿಲ್ಲಲಿಲ್ಲ."

"ನಾನು ನಿನ್ನ ಕೊರಳು ಕೇಳ್ತಾ ಕೂತಿದ್ನಮ್ಮ" ಎಂದರು ಮೇಷ್ಟ್ರು. "ನನಗೂ ಇಲ್ಲ. ಬುಡು, ಅದೊಂದು ಹೋಗ್ಲಿ."

"ಇಲ್ಲ ಮೇಷ್ಟ್ರೇ" ಎಂದಳು ಮಂಗಳಗೌರಿ. ರಾಗವಿಲ್ಲದೆ, ದಿನಸಿ ಚೀಟಿ ಓದಿದಂತೆ, ಒಂದೊಂದೇ ಸಾಲು ಹೇಳಿದಳು:

ಕುಲವ ಕೇಳದೆ ಕಥೆಯ ಕೇಳಲು
ನೆಲೆಯ ತೊರೆದಾ ಪುಟ್ಟ ಹಕ್ಕಿಗ
ಳುಲಿಯನಡಗಿಸಿ ಕಂಬದೆಡೆಯಲಿ ಕಿವಿಯನೊಡ್ಡಿದವು
ಬಲಿತ ರೆಕ್ಕೆಯ ಹಮ್ಮು ತೋರದೆ
ಸಲುಗೆ ಬೇಡದೆ ಸೊಲ್ಲು ಬೇಡದೆ
ಒಲಿದು ಕೇಳುವ ಭಾಗ್ಯ ಸಾಕೆಂದೆಣಿಸಿ ಕುಳಿತಿಹವು



"ಒಂದಕ್ಷರ ತಪ್ಪಿಲ್ಲ" ಎಂದರು ಮೇಷ್ಟ್ರು. "ಬೇರೆ ಒಂದೂ ನಿನಗೆ ಬರ್ಲಿಲ್ಲ. ಇದೊಂದು ಹೆಂಗೆ ಉಳೀತು?"

ಮಂಗಳಗೌರಿ ಶೃತಿಯ ಕಡೆ ನೋಡಲಿಲ್ಲ. "ಆವತ್ತು ನೀವು ಇವಳ ಕೈಲಿ ಹಾಡಿಸಿದ್ರಲ್ಲ, ನಂಗೆ ಹೊಟ್ಟೆಕಿಚ್ಚಿತ್ತು ಮೇಷ್ಟ್ರೇ. ಒಂದೊಂದು ಪದವೂ ಬರೆ ಎಳೆದಂಗೆ ಕೂತಿದೆ. ಮರೀಬೇಕು ಅಂದ್ರೂ ಆಗಿಲ್ಲ."

ಬಾಗಿಲಲ್ಲಿ ಕೂತಿದ್ದ ಶಿವರುದ್ರಮ್ಮ, "ಸಲುಗೆ ಬೇಡದೆ ಅನ್ನೋ ಪದ್ಯಾನ ಹಿಂಗೆ ಕಲಿಯೋದಾ ತಾಯಿ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶೃತಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಮೇಷ್ಟ್ರು ಮಾತ್ರ ಜೋರಾಗಿ ನಕ್ಕರು.

"ಈಗ?"

"ಈಗಲೂ ಇದೆ" ಎಂದಳು ಮಂಗಳಗೌರಿ.

"ಇರ್ಲಿ. ಇನ್ನೂ ಎರಡು ಸಂಧಿ ಐತೆ" ಎಂದು ಮೇಷ್ಟ್ರು ಕೋಲಿನಿಂದ ನೆಲ ತಟ್ಟಿದರು. "ಮಗಾ ಶೃತಿ, ನಲವತ್ತೆರಡು ಎತ್ಕೋ. ಗೌರಿ, ಹೂಂ ಅನ್ನೋದು ಮರೀಬೇಡ."